ಮಾವ ತಂದ ಕೆಂಪು ದುರ್ಬೀನು

ಖಾನಾಪುರದ ಗುರುಪುತ್ರಪ್ಪ ಏನನ್ನೇ ಕೊಳ್ಳಲಿ, ಮೊದಲು ಅದರ ಮೇಲೆ ಬೆರಳ ಗೆಣ್ಣಿನಿಂದ ಒಮ್ಮೆ ಬಡಿದು ನೋಡುತ್ತಾನೆ. ಹಂಚಿನ ವ್ಯಾಪಾರಿಗೆ ಈ ಚಟ ಅಂಟುವುದು ಸಹಜ. ಚೆನ್ನಾಗಿ ಸುಟ್ಟ ಹಂಚು ಟಣ್ ಅನ್ನುತ್ತದೆ, ಒಳಗೆ ಬಿರುಕು ಇದ್ದದ್ದು ಬದ್ದ್ ಅನ್ನುತ್ತದೆ, ಇದರಲ್ಲಿ ಮೋಸ ಹೋಗುವ ಮಾತೇ ಇಲ್ಲ. ಆದರೆ ಈತ ಹಂಚಿಗೆ ನಿಲ್ಲಿಸಲಿಲ್ಲ. ತೆಂಗಿನಕಾಯಿ, ಕಲ್ಲಂಗಡಿ, ಗಡಿಗೆ ಇವಕ್ಕೆ ಬಡಿದರೆ ಯಾರೂ ಏನೂ ಅನ್ನುವುದಿಲ್ಲ. ಮಗ ರೋಹನ ಹೊಸ ಮೊಬೈಲ್ ತಂದಾಗ ಅದಕ್ಕೂ ಬಡಿದು, ಒಳಗೆ ಪೊಳ್ಳು ಎಂದು ತೀರ್ಪು ಕೊಟ್ಟವನು ಈತ. ತನಗೆ ಯಾರೂ ಮೋಸ ಮಾಡಲಾರರು ಅನ್ನುವುದು ಅವನ ಜೀವಮಾನದ ಹೆಮ್ಮೆ, ಮತ್ತು ಆ ಹೆಮ್ಮೆಯನ್ನು ಹತ್ತು ಜನರಿಗೆ ಹೇಳದೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಹೊಟ್ಟೆಕಿಚ್ಚಿನವರು ಏನೇ ಅನ್ನಲಿ, ಮನುಷ್ಯ ಬಂಗಾರದಂಥವನು. ಮಳೆಗಾಲ ಬರುವ ಮುಂಚೆ ಬಡವರ ಮನೆಯ ಮೇಲೆ ಒಡೆದ ಹಂಚು ಕಂಡರೆ ತಾನೇ ಏಣಿ ಹಾಕಿ ಹತ್ತಿ ಬದಲಿಸಿ ಬರುತ್ತಿದ್ದ. ಹೊಟ್ಟೆ ಸ್ವಲ್ಪ ಮುಂದೆ ಬಂದ ಮೇಲೆ ಏಣಿ ಹತ್ತುವ ಕೆಲಸ ರೋಹನನದಾಯಿತು. ರೋಹನನೂ ಅಪ್ಪನ ಹಂಚಿನ ಅಂಗಳದಲ್ಲೇ ಬೆಳೆದ ಹುಡುಗ, ಅಲ್ಲೇ ದುಡಿಯುತ್ತಾನೆ. ಹಾಗೆ ಒಂದು ದಿನ ಹೈಸ್ಕೂಲಿನ ಮಾಡು ಹೊದಿಸಲು ಹತ್ತಿದವನು ಕೆಳಗೆ ಪಾಠ ಮಾಡುತ್ತಿದ್ದ ವಿಜ್ಞಾನದ ಟೀಚರನ್ನು ನೋಡಿ, ಎರಡು ದಿನದ ಕೆಲಸವನ್ನು ಒಂದು ವಾರ ಮಾಡಿದ. ಟೀಚರ ಹೆಸರು ಪದ್ಮಶ್ರೀ, ಊರು ಹತ್ತಿರದ ಬೀಡಿ ಎಂಬ ಹಳ್ಳಿ. ಎರಡೂ ಮನೆಯವರು ವಿಚಾರಿಸಿದರು, ಒಪ್ಪಿದರು. ಒಲ್ಲೆ ಎನ್ನಲು ಕಾರಣ ಹುಡುಕುವ ಕಷ್ಟ ಯಾರಿಗೂ ಬೀಳಲಿಲ್ಲ.

ಗುರುಪುತ್ರಪ್ಪನ ಮನೆಯಲ್ಲಿ ಒಂದು ರೂಢಿಯುಂಟು. ಬರುವ ಸೊಸೆ ತನಗೆ ಬೇಕಾದ ಒಂದೇ ಒಂದು ವಸ್ತುವಿನ ಹೆಸರು ಹೇಳಬೇಕು. ಬಂಗಾರ ಕೇಳುವಂತಿಲ್ಲ. ಮಾವನಾದವನು ಅದನ್ನು ಯಾರನ್ನೂ ಕೇಳದೆ ತಾನೇ ಆರಿಸಿ ತಂದು, ನಿಶ್ಚಯದ ದಿನ ಆಕೆಯ ಉಡಿಯಲ್ಲಿ ಇಡಬೇಕು. ಗುರುಪುತ್ರಪ್ಪನ ತಾಯಿ ತಾಮ್ರದ ಹಂಡೆ ಕೇಳಿದ್ದಳಂತೆ. ಹೆಂಡತಿ ಅಕ್ಕವ್ವ ಹೊಲಿಗೆ ಯಂತ್ರ ಕೇಳಿದ್ದಳು. ಪದ್ಮಶ್ರೀಯನ್ನು ಕೇಳಿದಾಗ ಆಕೆ ತಡವರಿಸದೆ, ದುರ್ಬೀನು ಅಂದಳು.

ಕೂತಿದ್ದ ಹಿರಿಯರೆಲ್ಲ ನಕ್ಕರು. ಗಂಡ ಎಲ್ಲಿ ಹೋಗುತ್ತಾನೆಂದು ಕಾಯಲಿಕ್ಕೆ ಇರಬೇಕು ಎಂದು ಒಬ್ಬರು ಚುಡಾಯಿಸಿದರು. ಪದ್ಮಶ್ರೀ ತಾನೂ ನಕ್ಕು, ಆಕಾಶ ನೋಡಲಿಕ್ಕೆ ಎಂದಳು. ಬೀಡಿಯಲ್ಲಿ ತಮ್ಮ ಕಣದ ಮೇಲೆ ಮಲಗಿ ಚುಕ್ಕೆ ನೋಡಿ ಬೆಳೆದವಳು ಆಕೆ. ಬೆಳಗಾವಿಯಲ್ಲಿ ಕಾಲೇಜು ಓದುವಾಗ ಯಾರದೋ ದುರ್ಬೀನಿನಲ್ಲಿ ಒಮ್ಮೆ ಚಂದ್ರನ ಮೇಲಿನ ಕುಳಿಗಳನ್ನು ಕಂಡಿದ್ದಳು. ಅಂದಿನಿಂದ ಅದೊಂದೇ ಆಸೆ.

ಗುರುಪುತ್ರಪ್ಪನಿಗೆ ಈ ಬೇಡಿಕೆ ಬಹಳ ಹಿಡಿಸಿತು. ಜನ್ಮದಲ್ಲಿ ಕೊಂಡಿರದ ವಸ್ತು, ತನ್ನ ಕೈಚಳಕ ತೋರಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಯಾವುದು? ಮರುದಿನವೇ ಬೆಳಗಾವಿಗೆ ಹೋಗಿ ಪೇಟೆಯ ಒಂದು ದೊಡ್ಡ ಅಂಗಡಿ ಹೊಕ್ಕ. ಅಂಗಡಿಯವನು ಸಾಲಾಗಿ ಎರಡು ಕಣ್ಣಿನ ದುರ್ಬೀನು ಇಟ್ಟ. ಮೊದಲನೆಯದಕ್ಕೆ ಗುರುಪುತ್ರಪ್ಪ ಗೆಣ್ಣಿನಿಂದ ಬಡಿದ. ಮೇಲೆ ದಪ್ಪ ರಬ್ಬರು ಹೊದಿಸಿದ್ದರಿಂದ ಅದು ಬದ್ದ್ ಅಂದಿತು. ಒಡಕು ಮಾಲು ಎಂದು ಬದಿಗೆ ಸರಿಸಿದ. ಎರಡನೆಯದೂ ಬದ್ದ್. ಮೂರನೆಯದು ಹೊಳಪಿನದು, ರಬ್ಬರಿಲ್ಲದ್ದು, ಕೈಗೆ ಭಾರ, ಬಡಿದರೆ ಟಣ್ ಅಂದಿತು. ತಿರುಗಿಸಿ ಗಾಜು ನೋಡಿದರೆ, ಗಾಜು ಕೆಂಪು. ಹದವಾಗಿ ಸುಟ್ಟ ಹಂಚಿನ ಕೆಂಪು. ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆಂದು ಅದರ ಮೇಲೆ ಬರೆದಿದ್ದ ಅಂಕಿಯೂ ಉಳಿದೆಲ್ಲಕ್ಕಿಂತ ದೊಡ್ಡದು. ಹೀಗೆ ಧ್ವನಿ, ತೂಕ, ಬಣ್ಣ ಮೂರೂ ಕೂಡಿ ಬಂದ ಮೇಲೆ ಕಣ್ಣಿಗೆ ಹಚ್ಚಿ ನೋಡುವ ಅಗತ್ಯವಾದರೂ ಏನು? ಆತ ನೋಡಲಿಲ್ಲ. ಚೌಕಾಸಿ ಮಾತ್ರ ಭರ್ಜರಿ ಮಾಡಿದ.

ನಿಶ್ಚಯದ ದಿನ ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟು ಉಡಿಗೆ ಹಾಕಿದ. ಪದ್ಮಶ್ರೀ ತೆರೆದಳು. ಆ ಕೆಂಪು ಗಾಜಿನ ಮೇಲೆ ಕಣ್ಣು ಬಿದ್ದಾಗ ಆಕೆಯ ಮುಖದಲ್ಲಿ ಏನೋ ಒಂದು ಹಾದುಹೋಯಿತು. ಆದರೆ ಅಕ್ಷತೆಯ ಗದ್ದಲದಲ್ಲಿ ಅದನ್ನು ಗಮನಿಸುವ ಪುರುಸೊತ್ತು ಯಾರಿಗಿತ್ತು. ಆಕೆ ಎದ್ದು ಕಿಟಕಿಗೆ ಹೋಗಿ ಹೊರಗಿನ ಬೇವಿನ ಮರವನ್ನು ನೋಡಿ ಬಂದು, ಮಾವನ ಕಾಲು ಮುಟ್ಟಿದಳು.

"ಭಾಳ ಚಲೋ ಐತ್ರಿ ಮಾವಾರ," ಅಂದಳು.

ಗುರುಪುತ್ರಪ್ಪ ಆ ದಿನ ಮೂರು ಸಲ ಹೋಳಿಗೆ ಹಾಕಿಸಿಕೊಂಡ.

ಜವಳಿ ತೆಗೆಯುವ ದಿನ ಗೊತ್ತುಮಾಡಲು ಕೆಲವು ದಿನಗಳ ನಂತರ ಆತ ಬೀಡಿಗೆ ಹೋದ. ಆಗಷ್ಟೇ ಹೊತ್ತು ಮುಳುಗಿತ್ತು. ಮೂಡಣದಲ್ಲಿ ಹುಣ್ಣಿಮೆಗೆ ಸ್ವಲ್ಪವೇ ಕಮ್ಮಿಯಿದ್ದ ಚಂದ್ರ ಮೇಲೆ ಬಂದಿದ್ದ. ಬೀಗರು ಚಹಾ ತರಿಸುವಷ್ಟರಲ್ಲಿ ಗುರುಪುತ್ರಪ್ಪ ಹಿತ್ತಿಲ ಕಣದ ಕಡೆ ಬಂದರೆ, ಪದ್ಮಶ್ರೀ ಒಬ್ಬಳೇ ನಿಂತು ಬರಿಗಣ್ಣಿನಿಂದ ಚಂದ್ರನನ್ನು ನೋಡುತ್ತಿದ್ದಳು. ದುರ್ಬೀನು ಎಲ್ಲಿ ಎಂದು ಕೇಳಿದ. ಪಡಸಾಲೆಯ ಗಾಜಿನ ಕಪಾಟಿನಲ್ಲಿ ಇಟ್ಟಿದ್ದೇನೆ, ಮುಟ್ಟಿದರೆ ಹಾಳಾದೀತು, ಅಷ್ಟು ಚಂದ ಇದೆ ಎಂದಳು.

ಗುರುಪುತ್ರಪ್ಪನಿಗೆ ಆ ಹೊಗಳಿಕೆಯ ಮೇಲೇ ಸಂಶಯ ಬಂತು. ವ್ಯಾಪಾರಿ ನೋಡಿ. ಭಾಳ ಚಲೋ ಮಾಲು ಐತ್ರಿ, ಆಮೇಲೆ ಬರತೀವಿ ಎಂದು ಹೇಳಿ ಹೋದ ಗಿರಾಕಿಗಳು ಯಾವ ಜನ್ಮಕ್ಕೂ ತಿರುಗಿ ಬರುವುದಿಲ್ಲವೆಂದು ಅವನಿಗೆ ಗೊತ್ತು. ಹಟ ಹಿಡಿದು ದುರ್ಬೀನು ತರಿಸಿ, ಮೊದಲ ಸಲ ತನ್ನ ಕಣ್ಣಿಗೆ ಹಚ್ಚಿಕೊಂಡ. ಎರಡು ಚಂದ್ರ. ಒಂದರ ಮೇಲೊಂದು ಅರ್ಧ ಏರಿ ಕುಳಿತ ಎರಡು ಚಂದ್ರ, ಎರಡೂ ಹಸಿರು, ಎರಡೂ ಜಾತ್ರೆಯ ತೊಟ್ಟಿಲಿನಂತೆ ತೂಗುತ್ತಿದ್ದವು.

"ಮೋಡ ಅದಾವ್ರಿ, ಅದಕ್ಕ ಹಂಗ ಕಾಣತೈತಿ," ಅಂದಳು ಪದ್ಮಶ್ರೀ ಮೆಲ್ಲಗೆ.

ಆಕಾಶದಲ್ಲಿ ಒಂದು ಎಳೆ ಮೋಡವೂ ಇರಲಿಲ್ಲ.

ಖಾನಾಪುರಕ್ಕೆ ಮರಳುವ ದಾರಿಯಲ್ಲಿ ಅವನಿಗೆ ಮೋಸ ಹೋದ ಸಿಟ್ಟಿಗಿಂತ ಹೆಚ್ಚಾಗಿ ಆ ಮಾತೇ ಚುಚ್ಚುತ್ತಿತ್ತು. ಮನೆಗೆ ಬಂದು ಅಕ್ಕವ್ವನ ಮುಂದೆ ಎಲ್ಲವನ್ನೂ ಹೇಳಿದ. ಆಕೆ ರೊಟ್ಟಿ ಬಡಿಯುತ್ತ ಕೇಳಿದಳು, ಕೇಳಿ ನಕ್ಕಳು. ತಾನು ಆ ಕಾಲದಲ್ಲಿ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ ಬೇಕೆಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳಂತೆ, ಎರಡೂ ಕೈ ಬಟ್ಟೆಗೆ ಸಿಗಲಿ ಎಂದು. ಮಾವ ತಂದದ್ದು ಕೈಯಿಂದ ತಿರುವುವ ಯಂತ್ರ. ಅವತ್ತು ಭಾಳ ಚಲೋ ಐತ್ರಿ ಎಂದಿದ್ದಳು. ಇವತ್ತಿಗೂ ಬಲಗೈಯಿಂದ ತಿರುವುತ್ತ ಎಡಗೈಯಿಂದ ಹೊಲಿಯುತ್ತಿದ್ದಾಳೆ.

ಗುರುಪುತ್ರಪ್ಪ ಒಲೆಯ ಹತ್ತಿರ ಸರಿದು ಕುಳಿತ. ಮತ್ತೆ ಯಾವ ಯಾವುದಕ್ಕೆ ಹಾಗೆ ಅಂದಿದ್ದೀ ಎಂದು ಕೇಳಿದ. ಕೇಳಬಾರದಿತ್ತು. ಅಡುಗೆಮನೆಯ ಕಿಟಕಿ ಇಟ್ಟ ದಿಕ್ಕು ತಪ್ಪು, ವರ್ಷವೂ ತರುವ ಆ ಕನಕಾಂಬರ ಬಣ್ಣದ ಸೀರೆ ತನಗೆ ಸೇರುವುದಿಲ್ಲ, ಆತ ಪ್ರೀತಿಯಿಂದ ಮಾಡಿ ಕೊಡುವ ಚಹಾ ಕಷಾಯಕ್ಕಿಂತ ಕಹಿ. ಅಕ್ಕವ್ವ ಸಿಟ್ಟಿಲ್ಲದೆ, ರೊಟ್ಟಿ ಮಗುಚುತ್ತ ಒಂದೊಂದಾಗಿ ಹೇಳಿದಳು. ಮೊದಲ ದಿನ ಒಂದು ಸಲ ಹಾಗೆ ಅಂದುಬಿಟ್ಟರೆ ಮುಂದೆ ಅದೇ ನಾಲಿಗೆಗೆ ರೂಢಿಯಾಗುತ್ತದೆ ಎಂದಳು.

ಆ ಮಾತು ಗುರುಪುತ್ರಪ್ಪನ ಎದೆಗೆ ನಾಟಿತು. ದುರ್ಬೀನು ಹೋದರೆ ಹೋಯಿತು, ಇನ್ನೊಂದು ತರಬಹುದು. ಆದರೆ ಈ ಹುಡುಗಿ ತನ್ನ ಮನೆಯ ಹೊಸ್ತಿಲು ತುಳಿಯುವ ಮೊದಲೇ ಮಾವನ ಮನಸ್ಸು ನೋಯಬಾರದೆಂದು ಇಲ್ಲದ ಮೋಡ ತೋರಿಸುವುದನ್ನು ಕಲಿತಳಲ್ಲ. ಮುಂದೆ ಮೂವತ್ತು ವರ್ಷ ಕಹಿ ಚಹಾ ಕುಡಿಯುತ್ತಾಳೆ. ಅದು ಆಗಕೂಡದು. ಮದುವೆಗೆ ಮೊದಲು ಒಂದು ಸಲವಾದರೂ ಆಕೆ ತನ್ನ ಮುಖಕ್ಕೆ ನೇರವಾಗಿ, ಇದು ಬೇಡ ಅನ್ನಬೇಕು. ಹಂಚಾಗಿದ್ದರೆ ಬಡಿದು ನಿಜ ಹೇಳಿಸಬಹುದಿತ್ತು, ಸೊಸೆಯಿಂದ ಹೇಳಿಸುವುದು ಹೇಗೆಂದು ಆತ ಅಂಗಳದಲ್ಲಿ ಅಡ್ಡಾಡಿ ಅಡ್ಡಾಡಿ ಯೋಚಿಸಿದ.

ಕೊನೆಗೆ ಒಂದು ಉಪಾಯ ಹೊಳೆಯಿತು. ಬೆಳಗಾವಿಯ ಖಾಸಬಾಗದಲ್ಲಿ ವಹಾಬ ಎಂಬ ಹಳೆಯ ಗೆಳೆಯನಿದ್ದ. ಕನ್ನಡಕದ ಅಂಗಡಿ, ಜೊತೆಗೆ ದುರ್ಬೀನು ಮಾರುವುದು, ರಿಪೇರಿ ಮಾಡುವುದು. ಮೊದಲೇ ಅವನ ಹತ್ತಿರ ಹೋಗಬೇಕಿತ್ತಲ್ಲ ಎಂದು ನೀವು ಕೇಳಬಹುದು, ಅಕ್ಕವ್ವನೂ ಅದನ್ನೇ ಕೇಳಿದಳು. ಯಾರನ್ನೂ ಕೇಳದೆ ತರುವುದೇ ರೂಢಿ ಎಂದು ಆತ ಗೊಣಗಿ, ವಹಾಬನಿಗೆ ಫೋನು ಮಾಡಿದ. ಜವಳಿಯ ದಿನ ಸೊಸೆಯನ್ನು ಕರೆದುಕೊಂಡು ಬರುತ್ತೇನೆ, ನಾನು ಬೇಕಂತಲೇ ಕೆಟ್ಟ ಮಾಲು ಆರಿಸುತ್ತೇನೆ, ನೀನು ತುಟಿ ಬಿಚ್ಚಬೇಡ, ಆಕೆಯೇ ಬೇಡ ಅನ್ನಬೇಕು ಎಂದ. ಗಿರಾಕಿಗೆ ಕೆಟ್ಟ ಮಾಲು ಕೊಡುವ ನಾಟಕ ವಹಾಬನಿಗೆ ಸುತರಾಂ ಸೇರಲಿಲ್ಲ, ಗೆಳೆಯನ ಮುಖ ನೋಡಿ ಒಪ್ಪಿದ.

ಜವಳಿಯ ದಿನ ಬೀಗರನ್ನು ಸೀರೆಯ ಅಂಗಡಿಯಲ್ಲಿ ಕೂರಿಸಿ, ಗುರುಪುತ್ರಪ್ಪ ಅಕ್ಕವ್ವ, ರೋಹನ, ಪದ್ಮಶ್ರೀಯರೊಂದಿಗೆ ವಹಾಬನ ಅಂಗಡಿಗೆ ಬಂದ. ಅಣ್ಣನ ಮಗನಿಗೆ ಒಂದು ದುರ್ಬೀನು ಬೇಕೆಂದು ಸುಳ್ಳು ನೆವ. ವಹಾಬ ಬರ್ರಿ, ಕುಂದರ್ರಿ ಎಂದು ಬೆಂಚು ಒರೆಸಿದ. ಗುರುಪುತ್ರಪ್ಪ ಮೊದಲಿಗೆ ಗಾಜಿನೊಳಗೆ ಬೂಜು ಹಿಡಿದದ್ದೊಂದನ್ನು ಎತ್ತಿ ಸೊಸೆಯ ಕೈಗೆ ಕೊಟ್ಟ. ಚಲೋ ಐತ್ರಿ ಅಂದಳು. ಒಂದು ಕಣ್ಣು ಪೂರ್ತಿ ಕತ್ತಲೆಯಿದ್ದದ್ದನ್ನು ಕೊಟ್ಟ. ಚಲೋ ಐತ್ರಿ. ಕೊನೆಗೆ ಮಕ್ಕಳ ಆಟದ ಪ್ಲಾಸ್ಟಿಕ್ಕಿನದನ್ನೇ ಕೊಟ್ಟ. ಆಕೆ ಅದನ್ನೂ ಕಣ್ಣಿಗೆ ಹಚ್ಚಿ, ಹಗುರ ಐತ್ರಿ, ಹಿಡಿಯಲು ಅನುಕೂಲ ಎಂದಳು. ವಹಾಬ ತುಟಿ ಕಚ್ಚಿಕೊಂಡು ಗೋಡೆಯ ಕಡೆ ತಿರುಗಿದ. ರೋಹನ ಏನೂ ಅರ್ಥವಾಗದೆ ಅಪ್ಪನನ್ನೂ ಪದ್ಮಶ್ರೀಯನ್ನೂ ಬದಲಿಸಿ ಬದಲಿಸಿ ನೋಡಿದ.

ಗುರುಪುತ್ರಪ್ಪನಿಗೆ ನಿರಾಸೆಯಾಯಿತು. ಏನು ಮಾಡುವುದೆಂದು ತೋಚದೆ ಅತ್ತಿತ್ತ ನೋಡಿದಾಗ, ಬಾಗಿಲ ಬಳಿ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಒಂದು ಸಣ್ಣ ಟೆಲಿಸ್ಕೋಪು ಕಂಡಿತು. ಯಾರೋ ಅವತ್ತು ಬೆಳಿಗ್ಗೆಯಷ್ಟೇ ರಿಪೇರಿಗೆ ಬಿಟ್ಟುಹೋದದ್ದು, ವಹಾಬ ಇನ್ನೂ ಬಿಚ್ಚಿ ನೋಡಿರಲಿಲ್ಲ. ಅದರ ಜೊತೆಗಿದ್ದ ಪೆಟ್ಟಿಗೆ ತೆರೆದರೆ ಒಳಗೆ ಉಂಗುರದಷ್ಟು ಸಣ್ಣ ಬಣ್ಣಬಣ್ಣದ ಗಾಜುಗಳು. ಕೆಂಪು, ಹಳದಿ, ನೀಲಿ, ಹಸಿರು, ಬೂದಿ, ಕಪ್ಪು. ಬಳೆಗಾರನ ಪೆಟ್ಟಿಗೆ ಕಂಡ ಹುಡುಗಿಯ ಹಾಗೆ ಗುರುಪುತ್ರಪ್ಪ ಉಪಾಯ ಗಿಪಾಯ ಎಲ್ಲ ಮರೆತ. ಕಣ್ಣಿಡುವ ತುದಿಗೆ ತಿರುಪಿ ಕೂರಿಸುವ ಫಿಲ್ಟರುಗಳು ಅವು. ಅವುಗಳಲ್ಲಿ ಕಪ್ಪಗಿದ್ದ ಒಂದರ ಅಂಚಿಗೆ ಸೂರ್ಯನಿಗೆ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಆತ ಓದಿದ, ಹಿಗ್ಗಿದ, ತಿರುಪಿ ಕೂರಿಸಿದ. ಟೆಲಿಸ್ಕೋಪನ್ನು ಎದುರಿನ ಮನೆಯ ಮೇಲೆ ಉರಿಯುತ್ತಿದ್ದ ಮಧ್ಯಾಹ್ನದ ಸೂರ್ಯನತ್ತ ಎತ್ತಿ, ಬಗ್ಗಿ ಕಣ್ಣು ಹಚ್ಚಲು ಹೋದ.

"ಮಾವಾರ, ಬ್ಯಾಡ್ರಿ!"

ಪದ್ಮಶ್ರೀ ಬೆಂಚಿನಿಂದ ಹಾರಿ ಬಂದು ಆತನ ರಟ್ಟೆ ಹಿಡಿದು ಎಳೆದಳು. ಎಳೆದ ರಭಸಕ್ಕೆ ಗುರುಪುತ್ರಪ್ಪನ ಟೋಪಿ ಬಿದ್ದು ಉರುಳಿತು. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ನೋಡಿದರು. ಇನ್ನೂ ಮದುವೆಯಾಗದ ಸೊಸೆ ನಡುಪೇಟೆಯಲ್ಲಿ ಮಾವನ ಮೇಲೆ ಕೂಗಿ ಕೈ ಹಾಕಿದ್ದಳು. ಅದು ತಲೆಗೆ ಹೋದ ಕೂಡಲೇ ಆಕೆ ಕೈ ಬಿಟ್ಟು, ಮುಖ ಬಿಳಿಚಿ ನಿಂತಳು.

ಗುರುಪುತ್ರಪ್ಪ ಟೋಪಿ ಎತ್ತಿ ಧೂಳು ಕೊಡವಿದ.

"ಏನಂದಿ? ಇನ್ನೊಮ್ಮೆ ಹೇಳವಾ."

"ಬ್ಯಾಡ ಅಂದೇರಿ," ಎಂದಳು ಆಕೆ ನೆಲ ನೋಡುತ್ತ. ಆಮೇಲೆ, ಟೀಚರಲ್ಲವೇ, ತಪ್ಪು ಕಂಡರೆ ಸುಮ್ಮನಿರಲು ಬರುವುದಿಲ್ಲ, ತಲೆಯೆತ್ತಿ ಪೂರ್ತಿ ಹೇಳಿದಳು. ಮುಂದಿನ ದೊಡ್ಡ ಗಾಜು ಬಿಸಿಲನ್ನೆಲ್ಲ ಒಂದೆಡೆ ಕೂಡಿಸಿ ಈ ಸಣ್ಣ ಕಪ್ಪು ಗಾಜಿನ ಮೇಲೆ ಸುರಿಯುತ್ತದೆ, ಅದು ಕಾದು ಚಟ್ಟನೆ ಒಡೆಯುತ್ತದೆ, ಒಡೆದ ಗಳಿಗೆಯಲ್ಲೇ ಕಣ್ಣು ಹೋಗುತ್ತದೆ. ಸೂರ್ಯನನ್ನು ನೋಡುವ ಫಿಲ್ಟರು ಕೊಳವೆಯ ಮುಂದಿನ ಬಾಯಿಗೇ ಪೂರ್ತಿ ಮುಚ್ಚಿರಬೇಕು, ಅದೂ ಅದಕ್ಕೆಂದೇ ಮಾಡಿದ್ದಾಗಿರಬೇಕು, ಕಣ್ಣಿನ ತುದಿಗೆ ತಿರುಪುವುದು ಎಂದಿಗೂ ಕೂಡದು. ವಹಾಬ ಖರೇ ಮಾತು ಎಂದು ಆ ಕಪ್ಪು ಗಾಜನ್ನು ಬಿಚ್ಚಿ ತೆಗೆದ. ಮಾಲೀಕರಿಗೆ ತಾನು ಹೇಳುತ್ತೇನೆಂದು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಪುಡಿ ಮಾಡಿದ.

"ಮತ್ತ ಆ ಕೆಂಪ ದುರ್ಬೀನು?" ಎಂದು ಕೇಳಿದ ಗುರುಪುತ್ರಪ್ಪ.

ಪದ್ಮಶ್ರೀ ಅಕ್ಕವ್ವನ ಮುಖ ನೋಡಿದಳು.

"ಹೇಳ ತಂಗಿ," ಅಂದಳು ಅಕ್ಕವ್ವ. "ನಾ ಅವತ್ತ ಹೇಳಲಿಲ್ಲ, ಇನ್ನೂ ಕೈಲೇ ತಿರುವಾಕತ್ತೀನಿ."

"ಅದು ಚಲೋ ಇಲ್ರಿ ಮಾವಾರ. ಒಂದ ಚಂದ್ರನ್ನ ಎರಡ ಮಾಡತೈತಿ. ನೀವು ಅಷ್ಟು ಪ್ರೀತಿಲೆ ತಂದಿದ್ರಿ, ನನಗ ಹೇಳಾಕ ಬಾಯಿ ಬರಲಿಲ್ಲ."

ಹೇಳಿದವಳ ಕಣ್ಣು ತುಂಬಿದ್ದವು. ಕೇಳಿದವನಿಗಾದ ಸಂತೋಷವನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಆತ ಅಂಗಡಿಯ ತುಂಬ ನಕ್ಕ. ವಹಾಬನಿಗೂ ಕಟ್ಟಿಟ್ಟ ಬಾಯಿ ಬಿಚ್ಚಿ ನಿರಾಳವಾಯಿತು, ಎಲ್ಲರಿಗೂ ಚಹಾ ಹೇಳಿದ. ಉಪಾಯದ ಕಥೆಯೆಲ್ಲ ಹೊರಬಿದ್ದಾಗ ರೋಹನ ತನಗೆ ಯಾಕೆ ಹೇಳಲಿಲ್ಲವೆಂದು ಮುನಿಸಿಕೊಂಡ. ನಿನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ತಾಯಿ ಅಂದಳು, ಅದಂತೂ ನಿಜ.

ಇನ್ನು ಆರಿಸುವ ಕೆಲಸ ಪದ್ಮಶ್ರೀಯದು. ರಬ್ಬರು ಹೊದಿಸಿದ್ದನ್ನೇ ಕೈಗೆತ್ತಿಕೊಂಡಳು. ಹತ್ತು, ಐವತ್ತು ಎಂದು ಬರೆದಿದ್ದ ಅಂಕಿಗಳನ್ನು ಮಾವನಿಗೆ ತೋರಿಸಿದಳು. ಹತ್ತು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು ಐವತ್ತು ಮಿಲಿಮೀಟರು ಅಗಲ. ಅಗಲ ಹೆಚ್ಚಿದ್ದಷ್ಟು ಬೆಳಕು ಹೆಚ್ಚು ಬರುತ್ತದೆ. ಹತ್ತಿರ ತೋರಿಸುವ ಅಂಕಿ ಮಾತ್ರ ಸುಮ್ಮನೆ ಹಿಗ್ಗಿದರೆ ಕೈಯ ನಡುಕವೂ ಅಷ್ಟೇ ಹಿಗ್ಗುತ್ತದೆ. ತೋಳುದ್ದ ದೂರ ಹಿಡಿದು, ಕಣ್ಣಿಡುವ ಗಾಜಿನಲ್ಲಿ ಬೀಳುವ ಬೆಳಕಿನ ಬಿಲ್ಲೆ ನೋಡಿದಳು. ಅದು ಮೂಲೆ ಕತ್ತರಿಸಿದಂತಿರದೆ ದುಂಡಗೆ ಇರಬೇಕಂತೆ. ಆಮೇಲೆ ಬೀದಿಯ ಕೊನೆಯ ಕರೆಂಟಿನ ತಂತಿಗಳನ್ನು ನೋಡುತ್ತ ನಿಂತಳು. ತಂತಿ ಒಂದೊಂದೇ ಇದ್ದವು. ಗಾಜಿನ ಮೇಲೆ ಕೆಂಪಿನ ಸುಳಿವಿಲ್ಲ, ತಿಳಿ ಹಸಿರು ಛಾಯೆ ಮಾತ್ರ. ಕೆಂಪು ಲೇಪದ ಗಾಜು ಕೆಂಪು ಬೆಳಕನ್ನು ಹೊರಗೇ ತಿರುಗಿಸಿ ಕಳಿಸುತ್ತದೆ, ಅದಕ್ಕೇ ಒಳಗೆ ಚಂದ್ರ ಹಸಿರಾಗಿದ್ದ ಎಂದಳು. ಗುರುಪುತ್ರಪ್ಪ ಗೆಣ್ಣು ಮಡಚಿ ಹತ್ತಿರ ಬಂದ.

"ಬಡೀಬ್ಯಾಡ್ರಿ. ಒಳಗಿನ ಗಾಜು ಸರದ್ರ ಇದೂ ಎರಡ ತೋರಸ್ತೈತಿ."

ಒಂದೇ ದಿನ ಎರಡನೆಯ ಸಲ ಬೇಡ ಅಂದಿದ್ದಳು. ಆತ ಕೈಯನ್ನು ಜೇಬಿಗೆ ಹಾಕಿಕೊಂಡು, ಗೆದ್ದವನ ಹಾಗೆ ಅಕ್ಕವ್ವನತ್ತ ನೋಡಿದ.

ಬಣ್ಣದ ಫಿಲ್ಟರುಗಳ ಆಸೆ ಅವನನ್ನು ಬಿಟ್ಟಿರಲಿಲ್ಲ. ಅಂಥದೊಂದು ಪೆಟ್ಟಿಗೆಯನ್ನೂ ತರಿಸೋಣ, ಮದುವೆಗೆ ಇರಲಿ ಎಂದ. ಅದೂ ಬೇಡವಾಯಿತು. ಅವು ಟೆಲಿಸ್ಕೋಪಿಗೆ, ದುರ್ಬೀನಿಗಲ್ಲ. ಸಣ್ಣ ಟೆಲಿಸ್ಕೋಪಿಗೂ ಆ ಬಣ್ಣಗಳು ಇದ್ದ ಬೆಳಕನ್ನೇ ತಿಂದುಹಾಕುತ್ತವೆ. ಮುಂದೊಂದು ದಿನ ಟೆಲಿಸ್ಕೋಪು ತಂದರೆ, ಹುಣ್ಣಿಮೆಯ ಚಂದ್ರ ಕಣ್ಣು ಕುಕ್ಕದಂತೆ ಆ ಬೂದಿ ಬಣ್ಣದ್ದೊಂದು ಸಾಕು. ಊರ ದೀಪದ ಬೆಳಕು ತಡೆಯುವ ಫಿಲ್ಟರೂ ಸಿಗುತ್ತದೆ, ಬೆಳಗಾವಿಯವರಿಗೆ ಬೇಕಾದೀತು, ಬೀಡಿಯ ಕತ್ತಲೆಗೆ ಅದರ ಹಂಗಿಲ್ಲ. ಇಷ್ಟಾಗಿ ಈ ದುರ್ಬೀನಿನ ಬೆಲೆ ಕೆಂಪಿನದಕ್ಕಿಂತ ಎಷ್ಟೋ ಕಮ್ಮಿ. ಗುರುಪುತ್ರಪ್ಪ ಚೌಕಾಸಿ ಮಾಡದೆ ಕೊಟ್ಟ ಎಂದು ವಹಾಬ ಇವತ್ತಿಗೂ ಖಾಸಬಾಗದಲ್ಲಿ ಹೇಳಿಕೊಂಡು ನಗುತ್ತಾನೆ.

ಕೆಂಪು ದುರ್ಬೀನು ಈಗ ಹಂಚಿನ ಅಂಗಳದಲ್ಲಿದೆ. ಅದರಲ್ಲಿ ನೋಡಿದರೆ ಒಂದು ಲಾರಿ ಬರುವಾಗ ಎರಡು ಬಂದಂತೆ ಕಾಣುತ್ತದೆ, ವ್ಯಾಪಾರಿಗೆ ಒಳ್ಳೆಯ ಶಕುನ ಎಂದು ಗುರುಪುತ್ರಪ್ಪನೇ ಬಂದವರಿಗೆ ತೋರಿಸುತ್ತಾನೆ. ಅಕ್ಕವ್ವನಿಗೆ ಕಾಲಿನಿಂದ ತುಳಿಯುವ ಯಂತ್ರ ಬಂತು. ಚಹಾ ಮಾತ್ರ ಇನ್ನೂ ಕಹಿಯೇ, ಅದನ್ನು ಆಕೆ ಈಗ ಕುಡಿಯುವುದಿಲ್ಲ, ಕುಡಿಯುವುದಿಲ್ಲವೆಂದು ಹೇಳುತ್ತಾಳೆ ಕೂಡ.

ಜವಳಿ ಮುಗಿಸಿ ಆ ದಿನ ಎಲ್ಲರೂ ಬೀಗರನ್ನು ಬಿಡಲು ಬೀಡಿಗೆ ಹೋದರು. ಸೀರೆಯ ಗಂಟುಗಳು ಗಾಡಿಯಲ್ಲೇ ಉಳಿದವು, ಜನವೆಲ್ಲ ಕಣಕ್ಕೆ ಇಳಿಯಿತು. ಹೊತ್ತು ಮುಳುಗಿ ಪಡುವಣ ಇನ್ನೂ ಕೆಂಪಗಿತ್ತು, ಅದರ ಮೇಲೆ ಪಂಚಮಿಯ ಚಂದ್ರ. ಮೊದಲು ಮಾವನೇ ನೋಡಬೇಕೆಂದು ಪದ್ಮಶ್ರೀ ಹೊಸ ದುರ್ಬೀನಿನ ಪಟ್ಟಿಯನ್ನು ಆತನ ಕೊರಳಿಗೆ ಹಾಕಿದಳು. ಕೈ ನಡುಗದಂತೆ ಕಂಬಕ್ಕೆ ಒರಗಿ, ಮೊಣಕೈ ಎದೆಗೆ ಒತ್ತಿಕೊಳ್ಳಲು ಹೇಳಿಕೊಟ್ಟಳು. ಗುರುಪುತ್ರಪ್ಪ ನೋಟ ಹೊಂದಿಸುವ ನಡುವಿನ ಗಾಲಿ ತಿರುವಿದ. ಮಸುಕಿನೊಳಗಿಂದ ಚಂದ್ರ ಒಂದೇ ಒಂದಾಗಿ ಎದ್ದು ಬಂದ. ಬೆಳಕು ಕತ್ತಲೆ ಕೂಡುವ ಅಂಚಿನುದ್ದಕ್ಕೂ ಕುಳಿ, ಕುಳಿಯ ದಂಡೆ, ದಂಡೆಯ ನೆರಳು. ಬೆಳಕಿಲ್ಲದ ಉಳಿದ ಭಾಗವೂ ಬೂದಿ ಮುಚ್ಚಿದ ಕೆಂಡದ ಹಾಗೆ ಮಂಕಾಗಿ, ದುಂಡಗೆ ಕಾಣುತ್ತಿತ್ತು. ಇಷ್ಟು ವರ್ಷ ತಲೆಯ ಮೇಲೆ ಇದು ಇತ್ತು, ತಾನು ಹಂಚಿಗಿಂತ ಮೇಲೆ ಕಣ್ಣೆತ್ತಲೇ ಇಲ್ಲವಲ್ಲ ಎಂದುಕೊಂಡ. ಯಾರೋ ಚಹಾ ಎಂದರು, ಕೇಳಿಸಲಿಲ್ಲ. ಬೀಗರು ಕೆಮ್ಮಿದರು. ರೋಹನ ಅಪ್ಪಾ ಎಂದ. ಮದುವೆಯ ಹುಡುಗನ ಅಪ್ಪ, ಹೇಳುವವರಾರು? ಎಲ್ಲರೂ ಸಾಲಾಗಿ ನಿಂತು ಕಾದರು.

"ಮಾವಾರ, ಭಾಳ ಹೊತ್ತಾತ್ರಿ," ಎಂದಳು ಪದ್ಮಶ್ರೀ, ಕೈ ಮುಂದೆ ಚಾಚಿ. "ಅದು ನಂದು. ಈಗ ನನಗ ಕೊಡ್ರಿ."

ಗುರುಪುತ್ರಪ್ಪ ಪಟ್ಟಿಯನ್ನು ಕೊರಳಿಂದ ತೆಗೆದು ಆಕೆಯ ಕೈಯಲ್ಲಿಟ್ಟ. ಕೈಗೆ ಬಂದ ಮಾಲನ್ನು ಆತ ಅಷ್ಟು ಸಂತೋಷದಿಂದ ಬಿಟ್ಟುಕೊಟ್ಟದ್ದನ್ನು ಅಕ್ಕವ್ವ ಎಂದೂ ನೋಡಿರಲಿಲ್ಲ.